ಅತ್ತೆಯ ರೈಲು ನಿಮಿಷಗಳು

ರೈಲಿಗೆ ದಂಡ ಹಾಕುವ ಹೆಂಗಸನ್ನು ನೀವು ನೋಡಿದ್ದೀರಾ? ನಾನು ನೋಡಿದ್ದೇನೆ. ನೋಡಿರುವುದಷ್ಟೇ ಅಲ್ಲ, ಎರಡು ವರ್ಷದಿಂದ ಅವರ ಮನೆಯಲ್ಲೇ ಇದ್ದೇನೆ, ಅವರು ಮಾಡಿದ ಸಾರನ್ನು ಉಂಡಿದ್ದೇನೆ. ಅವರು ನನ್ನ ಸೋದರತ್ತೆ, ಅಪ್ಪನ ಅಕ್ಕ. ಅರಸೀಕೆರೆಯ ಒಂದು ಕಾಲೇಜಿನಲ್ಲಿ ಇತಿಹಾಸ ಪಾಠ ಮಾಡುತ್ತಾರೆ. ಅವರ ತಲೆಯ ಸ್ಕ್ರೂ ಸ್ವಲ್ಪ ಲೂಸು ಎಂದು ಸ್ಟಾಫ್ ರೂಮಿನಲ್ಲಿ ಒಂದು ಮಾತಿದೆ. ಅದು ಅನ್ಯಾಯದ ಮಾತು. ಲೂಸಲ್ಲ, ಬಿಗಿ ಹೆಚ್ಚಾಗಿದೆ. ಬೇರೆಯವರೆಲ್ಲ ಸಾಕೆಂದು ಬಿಟ್ಟ ಮೇಲೂ ಅತ್ತೆ ಇನ್ನೆರಡು ಸುತ್ತು ತಿರುಗಿಸುತ್ತಾರೆ.

ಕಾಲೇಜಿನಲ್ಲಿ ವಿಶೇಷಚೇತನ ವಿದ್ಯಾರ್ಥಿಗಳ ಘಟಕ ಎಂದು ಒಂದಿದೆ. ಘಟಕವೆಂದರೆ ಮೂಲೆಯ ಒಂದು ಕೊಠಡಿ, ಒಂದು ಕಬ್ಬಿಣದ ಬೀರು ಮತ್ತು ಅತ್ತೆ. ಬೇರೆ ಯಾರೂ ಆ ಜವಾಬ್ದಾರಿ ಬೇಡವೆಂದದ್ದರಿಂದ ಅದು ಅವರಿಗೆ ಬಂತು. ಬಂದ ಮೇಲೆ ಬೇರೆ ಯಾರಿಗೂ ಕೊಡಲು ಅವರು ಒಪ್ಪಲಿಲ್ಲ. ಕಣ್ಣು ಕಾಣದವರು, ಕೈಯಲ್ಲಿ ಬರೆಯಲಾಗದವರು ಪರೀಕ್ಷೆಯ ದಿನ ಅಲ್ಲಿ ಬಾಯಲ್ಲಿ ಉತ್ತರ ಹೇಳುತ್ತಾರೆ. ಅವರಿಗಿಂತ ಕೆಳಗಿನ ತರಗತಿಯವರೊಬ್ಬರು ಪಕ್ಕದಲ್ಲಿ ಕೂತು ಅದನ್ನು ಬರೆದುಕೊಳ್ಳುತ್ತಾರೆ. ಇವರಿಗೆ ಸ್ಕ್ರೈಬ್ ಎನ್ನುತ್ತಾರೆ. ಹೇಳಿದ್ದನ್ನು ಬಿಟ್ಟು ಬೇರೇನೂ ಕಾಗದದ ಮೇಲೆ ಬೀಳದಂತೆ ನೋಡಿಕೊಳ್ಳಲು ಒಬ್ಬ ಮೇಲ್ವಿಚಾರಕಿ ಬೇಕು. ಆ ಮೇಲ್ವಿಚಾರಕಿ ನಾನು. ಅದೇ ಕಾಲೇಜಿನಲ್ಲಿ ಎಂ.ಎ. ಓದುತ್ತೇನೆ, ಪರೀಕ್ಷೆಯ ದಿನಗಳಲ್ಲಿ ಈ ಕೆಲಸ ಮಾಡುತ್ತಿದ್ದೆ. ನನ್ನನ್ನು ಆರಿಸಿದ ಕಾರಣವನ್ನು ಅತ್ತೆ ಮುಚ್ಚಿಡಲಿಲ್ಲ.

"ನಿಮ್ಮಪ್ಪ ಯಾವಾಗ್ಲೂ ಗೋಳಾಡ್ತಿದ್ದ, ಇವಳು ಬಾಯೇ ಬಿಡಲ್ಲ ಅಂತ. ನಂಗೆ ಅಂಥವಳೇ ಬೇಕಾಗಿತ್ತು ಕಣೇ."

ಮನೆಯಲ್ಲಿ ದೋಷವಾಗಿದ್ದದ್ದು ಹೊರಗೆ ಅರ್ಹತೆಯಾದದ್ದು ನನ್ನ ಬದುಕಿನಲ್ಲಿ ಅದೊಂದೇ ಸಲ.

ಅತ್ತೆಯ ಶತ್ರು ಸದ್ದು. ಹೇಳುವವನಿಗೆ ಸದ್ದಿನಲ್ಲಿ ಯೋಚನೆ ತಪ್ಪುತ್ತದೆ, ಬರೆಯುವವಳಿಗೆ ಮಾತು ತಪ್ಪುತ್ತದೆ. ಹಾಗಾಗಿ ಪರೀಕ್ಷೆಯ ಹಿಂದಿನ ದಿನ ಬಾಗಿಲಿನ ತಿರುಗಣಿಗೆ ಕೊಬ್ಬರಿ ಎಣ್ಣೆ ಬೀಳುತ್ತಿತ್ತು. ಗೋಡೆ ಗಡಿಯಾರ ಟಿಕ್ ಟಿಕ್ ಎನ್ನುತ್ತದೆಂದು ಅದನ್ನು ಗ್ರಂಥಾಲಯಕ್ಕೆ ದಾನ ಮಾಡಿದರು. ಫ್ಯಾನು ಕಟಕಟ ಎನ್ನುತ್ತದೆಂದು ರೆಕ್ಕೆ ಬಿಚ್ಚಿಸಿದರು. ಬೇಸಿಗೆಯ ಪರೀಕ್ಷೆಗಳಲ್ಲಿ ನಾವೆಲ್ಲ ನಿಶ್ಶಬ್ದವಾಗಿ ಬೆವರಿದೆವು. ಸ್ಕ್ರೈಬ್ ಹುಡುಗಿಯರು ಬಳೆ ಬಿಚ್ಚಿ ಒಳಗೆ ಬರಬೇಕು. ಎಲ್ಲವನ್ನೂ ಗೆದ್ದರು, ಒಂದನ್ನು ಬಿಟ್ಟು. ನಮ್ಮದು ಜಂಕ್ಷನ್ ಊರು. ಕಾಲೇಜಿನ ಹಿತ್ತಲ ಗೋಡೆಯಾಚೆ ಹಳಿ. ರೈಲಿನ ತಿರುಗಣಿಗೆ ಎಣ್ಣೆ ಬಿಡಲು ಯಾರಿಗೆ ಸಾಧ್ಯ?

ಅತ್ತೆ ದಂಡ ಹಾಕಿದರು. ರೈಲು ಕೂಗಿದ ಕೂಡಲೇ ಕೈ ಎತ್ತುತ್ತಿದ್ದರು, ಹೇಳುವುದು, ಬರೆಯುವುದು ಎರಡೂ ನಿಲ್ಲಬೇಕು. ಕಿಟಕಿಯ ಹತ್ತಿರ ನಿಂತು ಕೈಗಡಿಯಾರ ನೋಡುತ್ತಿದ್ದರು. ಕೊನೆಯ ಡಬ್ಬಿ ಹೋದ ಮೇಲೆ ಕೈ ಇಳಿಯುತ್ತಿತ್ತು. ಹೀಗೆ ರೈಲು ತಿಂದ ನಿಮಿಷಗಳನ್ನೆಲ್ಲ ಕೂಡಿಸಿ ಕೊನೆಯಲ್ಲಿ ಮಕ್ಕಳಿಗೆ ವಾಪಸ್ಸು ಕೊಡುತ್ತಿದ್ದರು. ವಿಶ್ವವಿದ್ಯಾಲಯ ಇಂಥವರಿಗೆಂದು ಒಂದು ಗಂಟೆ ಹೆಚ್ಚಿಗೆ ಕೊಡುತ್ತದೆ. ಅದು ಬೇರೆ, ಇದು ಬೇರೆ. ಒಂದು ಸಂಜೆ ಪ್ರಿನ್ಸಿಪಾಲರು ಬೀಗದ ಕೈ ಹಿಡಿದುಕೊಂಡು ಬಂದು, ಎಲ್ಲ ಕೊಠಡಿಯೂ ಖಾಲಿಯಾಗಿದೆ, ನಿಮ್ಮದೇನು ಎಂದು ಕೇಳಿದರು. ಅತ್ತೆ ತಲೆ ಎತ್ತದೆ ಹೇಳಿದರು, "ಒಂದು ಗೂಡ್ಸ್ ಬಾಕಿ ಇದೆ ಸಾರ್."

ಕಿವಿ ಕೇಳದ ಹುಡುಗಿಯೊಬ್ಬಳು ಅದೇ ಕೊಠಡಿಯಲ್ಲಿ ಪರೀಕ್ಷೆ ಬರೆಯುತ್ತಿದ್ದಳು. ತನಗೂ ರೈಲು ನಿಮಿಷ ಬೇಕೆಂದು ಚೀಟಿ ಬರೆದು ಕೊಟ್ಟಳು. ನನಗೆ ನಗು ಬಂತು. ಅತ್ತೆಗೆ ಬರಲಿಲ್ಲ. ಮುಂದಿನ ರೈಲು ಬರುವವರೆಗೂ ಅವಳ ಡೆಸ್ಕಿನ ಮೇಲೆ ಅಂಗೈ ಊರಿ ನಿಂತರು. ಡೆಸ್ಕು ನಡುಗಿದ್ದು ಖಾತ್ರಿಯಾಯಿತು. ಅವಳಿಗೂ ಸಿಕ್ಕಿತು.

ಹಳೇಬೀಡಿನಿಂದ ಬರುವ ಕುರುಡ ಹುಡುಗನೊಬ್ಬನಿದ್ದ. ಇತಿಹಾಸದ ಪತ್ರಿಕೆಯಲ್ಲಿ ಹೊಯ್ಸಳ ಶಿಲ್ಪವನ್ನು ವಿವರಿಸಿ ಎಂಬ ಪ್ರಶ್ನೆ ಬಂದಿತ್ತು. ಅವನು ಗೋಡೆಯ ಕೆಳಸಾಲಿನ ಆನೆಗಳ ಬಗ್ಗೆ ಹೇಳತೊಡಗಿದ. ಸೊಂಡಿಲು ಹೇಗೆ ಮಡಿಚಿದೆ, ಒಂದರ ಬಾಲ ಮುಗಿದು ಇನ್ನೊಂದರ ಹಣೆ ಎಲ್ಲಿ ಶುರುವಾಗುತ್ತದೆ, ಯಾವ ಮೂಲೆಯಲ್ಲಿ ಕಲ್ಲು ಸವೆದು ಸಾಬೂನಿನಂತಾಗಿದೆ. ಪುಟಗಟ್ಟಲೆ ಆನೆಗಳು. ಮೇಲಿನ ಸಾಲುಗಳಿಗೆ ಬಂದಾಗ ಮಾತ್ರ "ಉಳಿದವು ಪುಸ್ತಕದಲ್ಲಿ ಹೇಳಿರುವಂತೆ ಇವೆ" ಎಂದು ಒಂದೇ ವಾಕ್ಯದಲ್ಲಿ ಮುಗಿಸಿಬಿಟ್ಟ. ಪರೀಕ್ಷೆ ಮುಗಿದ ಮೇಲೆ ಅತ್ತೆ ಕಾರಣ ಕೇಳಿದರು. ಚಿಕ್ಕವನಿದ್ದಾಗ ಅವನ ಕೈಗೆ ಸಿಕ್ಕಿದ್ದು ಅಷ್ಟೇ ಎತ್ತರವಂತೆ. ಕೈ ಮೇಲಕ್ಕೆ ಹೋಗುವಷ್ಟು ಬೆಳೆದಾಗ ಕಾವಲಿನವರು ಮುಟ್ಟಬೇಡ ಎಂದರಂತೆ. ಅಂಕ ಕಡಿಮೆ ಬಂತು. ಹಾಗಾದರೆ ಹುಡುಗನಿಗೆ ಏಣಿ ತರಿಸಿಕೊಡಿ ಎಂದು ಮೌಲ್ಯಮಾಪಕರಿಗೆ ಬರೆಯುತ್ತೇನೆಂದು ಅತ್ತೆ ಒಂದು ವಾರ ಹಾರಾಡಿದರು. ಬರೆದರೋ ಏನೋ, ನಾನು ಕೇಳಲಿಲ್ಲ.

ಇನ್ನೊಂದು ಹುಚ್ಚಿತ್ತು. ಪರೀಕ್ಷೆಯ ಕೆಲಸದಲ್ಲಿ ಬಂಧುತ್ವ ಇರಕೂಡದು ಎಂಬುದು ಅವರ ವ್ರತ. ಹಾಗಾದರೆ ತಮ್ಮನ ಮಗಳನ್ನೇ ಮೇಲ್ವಿಚಾರಕಿಯಾಗಿ ಇಟ್ಟುಕೊಂಡದ್ದು ಹೇಗೆ? ಅದಕ್ಕೂ ಅವರಲ್ಲಿ ಉಪಾಯವಿತ್ತು. ಕಾಲೇಜಿನ ಗೇಟು ದಾಟಿದ ಮೇಲೆ ಅವರು ನನಗೆ ಅತ್ತೆಯಾಗಿರುತ್ತಿರಲಿಲ್ಲ. ಒಂದೇ ಆಟೋದಲ್ಲಿ ಮಂಡಿಗೆ ಮಂಡಿ ತಾಗಿಸಿಕೊಂಡು ಬರುತ್ತಿದ್ದೆವು. ಇಳಿದು ಗೇಟು ದಾಟಿದ ಮೇಲೆ ನನ್ನ ಕಡೆ ಕೈ ಚಾಚಿ ಐಡಿ ಕಾರ್ಡ್ ಕೇಳುತ್ತಿದ್ದರು. ಫೋಟೋ ನೋಡಿ, ಮುಖ ನೋಡಿ, ವಾಪಸ್ಸು ಕೊಡುತ್ತಿದ್ದರು. ಒಂದು ದಿನ ಕಾರ್ಡನ್ನು ಮನೆಯಲ್ಲಿ ಮರೆತಿದ್ದೆ. ನನ್ನನ್ನು ಹಿಂದಕ್ಕೆ ಕಳಿಸಿದರು, ಮನೆಯ ಬೀಗದ ಕೈಯನ್ನು ತಮ್ಮ ಪರ್ಸಿನಿಂದಲೇ ತೆಗೆದು ಕೊಟ್ಟು! ಗೇಟಿನ ಒಳಗೆ ನಾವು ಪರಕೀಯರು ಎಂದು ಅವರು ನಿಜವಾಗಿಯೂ ನಂಬಿದ್ದರು. ಅವರು ನಂಬಿದ ಮೇಲೆ ಲೋಕವೂ ನಂಬಬೇಕಲ್ಲವೇ?

ಇಲ್ಲಿಗೆ ಸಿದ್ದೇಶನನ್ನು ಕರೆತರಬೇಕು. ಹಾರನಹಳ್ಳಿಯವನು, ಹೆಚ್ಚುಕಡಿಮೆ ನನ್ನ ವಯಸ್ಸಿನವನು, ಬಿ.ಎ. ಕೊನೆಯ ವರ್ಷದಲ್ಲಿದ್ದ. ಹುಟ್ಟುವಾಗಿನ ತೊಂದರೆಯಿಂದ ಕೈಕಾಲು ಅವನ ಮಾತು ಕೇಳುವುದಿಲ್ಲ, ನಾಲಿಗೆಯೂ ಅಷ್ಟಕ್ಕಷ್ಟೇ. ತುಟಿ ಕೂಡಬೇಕಾದ ಅಕ್ಷರಗಳು ಅವನ ಬಾಯಲ್ಲಿ ಬರಿಯ ಉಸಿರಾಗಿ ಹೋಗುತ್ತವೆ. ಹೊಸಬರಿಗೆ ಅದು ಮಾತೆಂದೇ ಅನ್ನಿಸುವುದಿಲ್ಲ. ಬುದ್ಧಿ ಮಾತ್ರ ಕತ್ತರಿಯಂತಿತ್ತು. ಬಿ.ಎ. ಮುಗಿಸಿ, ಎಂ.ಎ. ಮಾಡಿ, ಪಾಠ ಹೇಳಬೇಕೆಂಬುದು ಅವನ ಹಟ. ಮಾತೇ ತಿಳಿಯದವನು ಯಾರಿಗೆ ಪಾಠ ಹೇಳುತ್ತಾನೆ ಎಂದು ಊರಿನ ಅಂಗಡಿ ಜಗಲಿಯಲ್ಲಿ ನಗುತ್ತಿದ್ದರಂತೆ. ಅವನ ತಾಯಿ ಪುಟ್ಟಗೌರಮ್ಮ ಮೂರು ವರ್ಷದಿಂದ ಪ್ರತಿ ಪರೀಕ್ಷೆಗೂ ಅವನನ್ನು ಟೆಂಪೋದಲ್ಲಿ ಕೂರಿಸಿಕೊಂಡು ಬರುತ್ತಿದ್ದರು. ಅವನ ಮಾತು ಪೂರ್ತಿ ತಿಳಿಯುವುದು ಅವರೊಬ್ಬರಿಗೇ. ಆದರೆ ಮನೆಯವರು ಸ್ಕ್ರೈಬ್ ಆಗುವಂತಿಲ್ಲ, ಒಳಗೂ ಬರುವಂತಿಲ್ಲ.

ಮೊದಲೆರಡು ವರ್ಷ ಒಬ್ಬ ಮುದಿ ಮೇಷ್ಟರು ಅವನ ಪರೀಕ್ಷೆಗೆ ಮೇಲ್ವಿಚಾರಕರಾಗಿದ್ದು, ಕೂತಲ್ಲೇ ತೂಕಡಿಸಿ ಸಹಿ ಹಾಕಿ ಹೋಗುತ್ತಿದ್ದರಂತೆ. ಅವರು ನಿವೃತ್ತರಾಗಿ ಆ ಕುರ್ಚಿ ನನ್ನ ಪಾಲಿಗೆ ಬಂದಾಗ ಅತ್ತೆಗೆ ಹೊಸ ಚಿಂತೆ ಹತ್ತಿತು.

"ಅವನು ಹೇಳಿದ್ದನ್ನೇ ಬರ್ದಿದಾರೆ ಅಂತ ನೀನು ಸಹಿ ಹಾಕ್ಬೇಕು. ಅವನು ಏನು ಹೇಳ್ದ ಅಂತಾನೇ ನಿಂಗೆ ತಿಳೀಲಿಲ್ಲ ಅಂದ್ರೆ ಅದು ಸುಳ್ಳು ಸಾಕ್ಷಿ ಅಲ್ವೇನೇ?"

ಅಂದಿನಿಂದ ನನ್ನ ಭಾನುವಾರಗಳು ಹಾರನಹಳ್ಳಿಯ ಪಾಲಾದವು. ಅತ್ತೆ, ನಾನು, ಸ್ಕ್ರೈಬಾಗಿದ್ದ ಪಿಯುಸಿ ಹುಡುಗಿ, ಮೂವರೂ ಟೆಂಪೋ ಹತ್ತುತ್ತಿದ್ದೆವು. ಸಿದ್ದೇಶ ಪಡಸಾಲೆಯಲ್ಲಿ ಕೂತು ಪೇಪರು ಓದುವನು, ನಾವು ಕಣ್ಣು ಮುಚ್ಚಿ ಕೇಳಬೇಕು. ಕಣ್ಣು ಏಕೆ ಮುಚ್ಚಬೇಕು ಎಂದರೆ, ಮುಖ ನೋಡಿದರೆ ಕನಿಕರ ಬರುತ್ತದೆ, ಕನಿಕರ ಬಂದವರಿಗೆ ಕಿವಿ ಕೇಳಿಸುವುದಿಲ್ಲ ಎಂದು ಅತ್ತೆಯ ಸಿದ್ಧಾಂತ. ಅವನ ಎದುರಿಗೇ ಹೇಳಿದರು. ಅವನು ಜೋರಾಗಿ ನಕ್ಕ. ನಗು ಮಾತ್ರ ಎಲ್ಲರಂತೆಯೇ ಇತ್ತು.

ನನಗೆ ಹಲವು ವಾರ ಏನೂ ತಿಳಿಯಲಿಲ್ಲ. ಮರ್ಯಾದೆಗೆಂದು ಆಗಾಗ ತಲೆ ಆಡಿಸುತ್ತಿದ್ದೆ. ಒಂದು ಭಾನುವಾರ ಅವನು ನನ್ನ ಕಡೆ ತಿರುಗಿ ಉದ್ದಕ್ಕೆ ಏನೋ ಹೇಳಿದ, ನಾನು ಗಂಭೀರವಾಗಿ ತಲೆ ಆಡಿಸಿದೆ. ಪುಟ್ಟಗೌರಮ್ಮ ಸೆರಗು ಬಾಯಿಗೆ ಅಡ್ಡ ಹಿಡಿದುಕೊಂಡರು.

"ಈ ಮೇಡಂ ಕತ್ತೆ, ಹೌದೋ ಅಲ್ವೋ ಅಂತ ಕೇಳ್ದ ಕಣವ್ವ. ನೀವು ಹೂಂ ಅಂದ್ರಿ."

ಆಮೇಲೆ ನಾನು ತಿಳಿಯದೆ ತಲೆ ಆಡಿಸಲಿಲ್ಲ, ಅಲ್ಲೂ, ಬೇರೆಲ್ಲೂ. ನಿಧಾನವಾಗಿ ಒಂದೊಂದೇ ಪದ ಹೊರಗೆ ಬಂತು, ಕತ್ತಲೆ ಕೋಣೆಗೆ ಹೋದಾಗ ಮೊದಲು ತೊಲೆ, ಆಮೇಲೆ ಮಂಚ, ಆಮೇಲೆ ಗೂಟಕ್ಕೆ ಹಾಕಿದ ಅಂಗಿ ಕಾಣುವ ಹಾಗೆ. ಪರೀಕ್ಷೆಯ ಹೊತ್ತಿಗೆ ಅವನು ಸಾಮಾನ್ಯನಂತೆ ಮಾತಾಡುತ್ತಿದ್ದಾನೆ ಎಂದೇ ನನಗೆ ಅನ್ನಿಸುತ್ತಿತ್ತು. ಸರಿಯಿಲ್ಲದೆ ಇದ್ದದ್ದು ನಮ್ಮ ಕಿವಿ.

ಕೊನೆಯ ಪತ್ರಿಕೆಯ ದಿನ ಸ್ಕ್ವಾಡ್ ಬಂತು. ಸ್ಕ್ವಾಡ್ ಎಂದರೆ ನಕಲು ಹಿಡಿಯಲು ವಿಶ್ವವಿದ್ಯಾಲಯ ಕಳಿಸುವವರು. ಅಂದು ಒಬ್ಬರೇ ಅಧಿಕಾರಿ. ಬಾಗಿಲು ಸದ್ದಿಲ್ಲದೆ ತೆರೆದುಕೊಂಡಿತು, ಎಣ್ಣೆಯ ಪ್ರಭಾವ. ಒಳಗೆ ಬಂದವರಿಗೆ ಕಂಡದ್ದು, ಒಬ್ಬ ಹುಡುಗ ತಲೆ ತೂಗುತ್ತಾ ಏನೋ ಸ್ವರ ಹೊರಡಿಸುತ್ತಿದ್ದಾನೆ, ಹುಡುಗಿಯೊಬ್ಬಳು ಸರಸರನೆ ಒಳ್ಳೆಯ ಕನ್ನಡದಲ್ಲಿ ಉತ್ತರ ಬರೆಯುತ್ತಿದ್ದಾಳೆ. ಯಾರಿಗೆ ಅನುಮಾನ ಬರುವುದಿಲ್ಲ? ಅವರು ಕೆಟ್ಟವರೇನಲ್ಲ. ಇವಳೇ ಬರೆಯುತ್ತಿದ್ದಾಳೆ, ಇದು ನಕಲು, ನಾನು ಪತ್ರಿಕೆ ಹಿಡಿದುಕೊಳ್ಳಬೇಕಾಗುತ್ತದೆ ಎಂದರು. ನಕಲೆಂದು ಒಮ್ಮೆ ದಾಖಲಾದರೆ ಪತ್ರಿಕೆಯಷ್ಟೇ ಅಲ್ಲ, ಆ ವರ್ಷವೂ ಹೋದಂತೆ. ಸಿದ್ದೇಶ ಏನೋ ಹೇಳಹೊರಟ. ಸಿಟ್ಟು ಬಂದರೆ ಅವನ ಮಾತು ಇನ್ನೂ ಕೆಡುತ್ತದೆ.

ಆಗಷ್ಟೇ ಆಫೀಸಿನ ಕಡೆ ಹೋಗಿದ್ದ ಅತ್ತೆಯನ್ನು ಕರೆಸಿದರು. ಅತ್ತೆ ವಾದಿಸಲಿಲ್ಲ. ಸ್ಕ್ರೈಬನ್ನು ಒಂದು ಮೂಲೆಗೆ, ನನ್ನನ್ನು ಇನ್ನೊಂದು ಮೂಲೆಗೆ, ಗೋಡೆಯ ಕಡೆ ಮುಖ ಮಾಡಿ ಕೂರಿಸಿ, ಕೈಗೆ ಬಿಳಿ ಹಾಳೆ ಕೊಟ್ಟರು. ಹುಡುಗ ಒಂದು ವಾಕ್ಯ ಹೇಳಲಿ, ಇವರಿಬ್ಬರೂ ಬರೆಯಲಿ, ನೀವೇ ಹೋಲಿಸಿ ನೋಡಿ ಎಂದರು. ಸಿದ್ದೇಶ ಒಂದು ವಾಕ್ಯ ಹೇಳಿದ. ಅಧಿಕಾರಿ ಎರಡು ಹಾಳೆಗಳನ್ನೂ ಪಕ್ಕಪಕ್ಕ ಹಿಡಿದು ಓದಿದರು. ಎರಡರಲ್ಲೂ ಒಂದೇ ಇತ್ತು:

"ಸಾರ್, ನಿಮ್ಮ ಮಾತಿನಲ್ಲಿ ನನ್ನ ಏಳು ನಿಮಿಷ ಹೋಯಿತು, ಸೇರಿಸಿ ಕೊಡಿ."

ಅಧಿಕಾರಿ ನಕ್ಕುಬಿಟ್ಟರು. ಸಿದ್ದೇಶನ ಭುಜ ತಟ್ಟಿದರು. ಅಲ್ಲಿಗೆ ಎಲ್ಲವೂ ಮುಗಿಯಬೇಕಿತ್ತು. ಹೊರಡುವ ಮುಂಚೆ ನನ್ನ ಕಡೆ ತಿರುಗಿ, ಮೆಚ್ಚುಗೆಯಿಂದಲೇ, ಇದನ್ನೆಲ್ಲ ಎಲ್ಲಿ ಕಲಿತಿರಿ, ನಿಮ್ಮ ಮನೆ ಎಲ್ಲಿ ಎಂದು ಕೇಳಿದರು. ಮೇಡಂ ಮನೆಯಲ್ಲೇ ಇದ್ದೇನೆ ಎಂದೆ.

"ಮೇಡಂ ನಿಮಗೇನಾಗ್ಬೇಕು?"

ನಾನು ಅತ್ತೆಯ ಮುಖ ನೋಡಿದೆ. ಅವರಿಗೆ ಆ ಪ್ರಶ್ನೆಯೇ ಅರ್ಥವಾದಂತೆ ಕಾಣಲಿಲ್ಲ.

"ಅತ್ತೆ," ಎಂದೆ.

ಅಧಿಕಾರಿಯ ನಗು ಮಾಯವಾಯಿತು. ಘಟಕದ ಸಂಚಾಲಕಿ ಅತ್ತೆ, ಸಾಕ್ಷಿ ಹೇಳುವವಳು ಸೊಸೆ. ಹಾಗಾದರೆ ಈ ಎರಡು ಹಾಳೆಗೆ ಬೆಲೆಯೇನು? ಅವರು ಬರೆದುಕೊಂಡು ಹೋದರು. ಆ ಸಂಜೆ ಮನೆಯಲ್ಲಿ ನಾನು ತಟ್ಟೆಗೆ ಕೈ ಹಾಕದೆ ಕೂತಿದ್ದೆ. ಕೇಳಿದ್ದಕ್ಕೆ ನೀನು ನಿಜ ಹೇಳಿದೆ, ಇನ್ನೇನು ಹೇಳಬೇಕಿತ್ತು, ಅನ್ನ ಆರುತ್ತೆ ಎಂದು ಅತ್ತೆ ಮಜ್ಜಿಗೆ ಬಡಿಸಿದರು. ಅವರು ಉಣ್ಣಲಿಲ್ಲ.

ಸಿದ್ದೇಶನ ಫಲಿತಾಂಶವನ್ನು ತಡೆಹಿಡಿದರು. ಎಲ್ಲರ ಅಂಕಗಳು ಬಂದವು, ಅವನ ಹೆಸರಿನ ಮುಂದೆ ಒಂದು ಗೆರೆ. ಎಂ.ಎ. ಸೇರುವ ಕಡೆಯ ದಿನ ಹತ್ತಿರವಾಗುತ್ತಿತ್ತು. ಅತ್ತೆ ವಿಶ್ವವಿದ್ಯಾಲಯಕ್ಕೆ ಅಲೆದರು. ಗೇಟಿನೊಳಗೆ ನಾವು ಅತ್ತೆ ಸೊಸೆ ಅಲ್ಲ ಎಂದು ವಿಚಾರಣಾ ಸಮಿತಿಯ ಮುಂದೆ ನಿಜವಾಗಿಯೂ ಹೇಳಿದರಂತೆ, ಐಡಿ ಕಾರ್ಡ್ ನೋಡುವ ವಿಷಯವನ್ನೂ ಬಿಡದೆ. ಸಮಿತಿಯವರು ಒಬ್ಬರ ಮುಖ ಒಬ್ಬರು ನೋಡಿಕೊಂಡು ನಕ್ಕರಂತೆ. ಇದನ್ನು ನನಗೆ ಅತ್ತೆಯೇ ಹೇಳಿದರು. ಅದರಲ್ಲಿ ನಗುವಂಥದ್ದು ಏನಿತ್ತು ಎಂದು ಅವರಿಗೆ ಆಗಲೂ ತಿಳಿದಿರಲಿಲ್ಲ.

ಕೊನೆಗೆ ಸಮಿತಿ ಒಂದು ದಾರಿ ತೋರಿಸಿತು. ಮೇಲ್ವಿಚಾರಕಿಯ ನೇಮಕದಲ್ಲಿ ತಪ್ಪಾಗಿದೆ ಎಂದು ಸಂಚಾಲಕಿ ಒಪ್ಪಿಕೊಂಡು ಘಟಕವನ್ನು ಬಿಟ್ಟರೆ ಹುಡುಗನ ಮೇಲಿನ ನಕಲು ಆರೋಪ ಹೋಗುತ್ತದೆ, ಬೇರೆಯವರ ಮೇಲ್ವಿಚಾರಣೆಯಲ್ಲಿ ಆ ಒಂದು ಪತ್ರಿಕೆಯನ್ನು ಮತ್ತೆ ಬರೆಯಬಹುದು. ಒಪ್ಪಿಗೆಯ ಕಾಗದವನ್ನು ಅವರೇ ಟೈಪು ಮಾಡಿಸಿ ಇಟ್ಟಿದ್ದರು. ಅತ್ತೆ ಪೂರ್ತಿ ಓದಿ, ಅದರಲ್ಲಿದ್ದ ಎರಡು ತಪ್ಪುಗಳನ್ನು ತಿದ್ದಿ, ಸಹಿ ಹಾಕಿದರು.

ಘಟಕ ಈಗ ದೈಹಿಕ ಶಿಕ್ಷಣದ ಮೇಷ್ಟರ ಕೈಯಲ್ಲಿದೆ. ಒಳ್ಳೆಯ ಮನುಷ್ಯ. ಫ್ಯಾನಿಗೆ ರೆಕ್ಕೆ ಹಾಕಿಸಿದ್ದಾರೆ, ಗಾಳಿ ಚೆನ್ನಾಗಿ ಬರುತ್ತದೆ. ರೈಲುಗಳು ಯಾರಿಗೂ ಬಾಕಿ ಉಳಿಸಿಕೊಳ್ಳದೆ ಹೋಗುತ್ತವೆ.

ಮರುಪರೀಕ್ಷೆಯ ದಿನ ತಿಪಟೂರಿನಲ್ಲಿ ಯಾರದೋ ಗೃಹಪ್ರವೇಶವಿದೆ ಎಂದು ಹೇಳಿ ಅತ್ತೆ ಬೆಳಿಗ್ಗೆಯೇ ಹೊರಟರು. ಅವರಿಗೆ ಸುಳ್ಳು ಹೇಳಲು ಬರುವುದಿಲ್ಲ. ಗೃಹಪ್ರವೇಶಕ್ಕೆ ಬರಿಯ ಕೊಡೆ ಹಿಡಿದು, ಮನೆಯ ಚಪ್ಪಲಿಯಲ್ಲಿ ಯಾರು ಹೋಗುತ್ತಾರೆ? ನಾನು ಸ್ವಲ್ಪ ಹೊತ್ತು ಬಿಟ್ಟು ಕಾಲೇಜಿನ ಕಡೆ ನಡೆದೆ. ಕಾಂಪೌಂಡಿನ ಹೊರಗೆ, ಆ ಮೂಲೆ ಕೊಠಡಿಯ ಕಿಟಕಿಗೆ ನೇರವಾಗಿ ಒಂದು ಹೊಂಗೆ ಮರವಿದೆ. ಅದರ ಬುಡದಲ್ಲಿ ಪುಟ್ಟಗೌರಮ್ಮ ಟವೆಲು ಹಾಸಿಕೊಂಡು ಕೂತಿದ್ದರು. ಅತ್ತೆ ಕೊಡೆ ಹಿಡಿದುಕೊಂಡು ಬಿಸಿಲಿನಲ್ಲೇ ದೂರ ನಿಂತಿದ್ದರು, ಯಾರೋ ಬೇರೆಯವರ ಕೆಲಸಕ್ಕೆ ಬಂದವರ ಹಾಗೆ.

"ಬನ್ನಿ ಮೇಡಂ, ಇಲ್ಲಿ ನೆಳ್ಳೈತೆ," ಎಂದರು ಪುಟ್ಟಗೌರಮ್ಮ. "ನಿಂತ್ಕಂಡ್ರೆ ಬ್ಯಾಗ ಮುಗ್ದೋಯ್ತದಾ?"

ಅತ್ತೆ ಬಂದು ಟವೆಲಿನ ಅಂಚಿನಲ್ಲಿ ಕೂತರು. ನಾನು ಬೇರಿನ ಮೇಲೆ ಕೂತೆ. ಕಿಟಕಿಯಿಂದ ಸಿದ್ದೇಶನ ದನಿ ಕೇಳುತ್ತಿತ್ತು. ಸೈಕಲ್ಲಿನಲ್ಲಿ ಹೋಗುತ್ತಿದ್ದವರೊಬ್ಬರು ಕಾಲೂರಿ ನಿಂತು, ಒಳಗೆ ಯಾರಿಗೋ ಹುಷಾರಿಲ್ಲವೇ ಎಂದು ವಿಚಾರಿಸಿದರು. ಇಲ್ಲ ಕಣಪ್ಪ, ನನ್ನ ಮಗ ಪರೀಕ್ಷೆ ಬರೀತಾವ್ನೆ ಎಂದು ಪುಟ್ಟಗೌರಮ್ಮ ಹೇಳಿ ಕಳಿಸಿದರು. ನಮಗೆ ಮೂವರಿಗೂ ಅವನ ಉತ್ತರ ಒಂದೊಂದು ಪದವೂ ತಿಳಿಯುತ್ತಿತ್ತು. ಚೆನ್ನಾಗಿ ಹೇಳುತ್ತಿದ್ದ.

ಆಮೇಲೆ ನಿಂತಿತು. ಉಂಬಳಿಯ ವಿಷಯ ಬಂದಿತ್ತು, ರಾಜರು ಬಿಟ್ಟುಕೊಡುತ್ತಿದ್ದ ಭೂಮಿ. ಆ ಪದದಲ್ಲಿ ಅವನ ತುಟಿ ಸೇರುವುದಿಲ್ಲ. ಹೊಸ ಸ್ಕ್ರೈಬ್ ಅವನನ್ನು ಎರಡು ದಿನದ ಹಿಂದೆ ಮೊದಲ ಸಲ ನೋಡಿದವಳು. ಇನ್ನೊಂದು ಸಲ ಹೇಳಿ ಎಂದಳು. ಹೇಳಿದ. ಮತ್ತೊಂದು ಸಲ. ಮತ್ತೆ ಹೇಳಿದ, ದನಿ ಏರಿತು, ಕೆಟ್ಟಿತು. ಒಳಗಿದ್ದ ಮೇಲ್ವಿಚಾರಕರು ಅದನ್ನು ಬಿಟ್ಟು ಮುಂದಕ್ಕೆ ಹೋಗಿ ಎಂದದ್ದು ಕೇಳಿಸಿತು.

ಅತ್ತೆ ಅರ್ಧ ಎದ್ದುಬಿಟ್ಟಿದ್ದರು. ಬಾಯಿ ತೆರೆದಿತ್ತು, ಪದ ತುಟಿಯ ಮೇಲೇ ಇತ್ತು. ಅದೊಂದು ಪದ ಆ ಕಿಟಕಿಯೊಳಕ್ಕೆ ಬಿದ್ದಿದ್ದರೆ ಅವನ ಪತ್ರಿಕೆ ಈ ಸಲ ಶಾಶ್ವತವಾಗಿ ಹೋಗುತ್ತಿತ್ತು. ಪುಟ್ಟಗೌರಮ್ಮ ಅವರ ಕೈ ಹಿಡಿದು ಕೆಳಕ್ಕೆ ಎಳೆದರು. ಅತ್ತೆ ಸೆರಗನ್ನು ಬಾಯಿಗೆ ಒತ್ತಿಕೊಂಡು ಕೂತರು.

ಆಮೇಲೆ ಸಿದ್ದೇಶನ ದನಿ ಮತ್ತೆ ಬಂತು, ನಿಧಾನವಾಗಿ, ಒಂದೊಂದೇ ಪದವನ್ನು ಕೈಹಿಡಿದು ನಡೆಸುತ್ತಾ. ತೆರಿಗೆ ಹಾಕದೆ ರಾಜರು ಕೊಟ್ಟ ನೆಲ, ಎಂದ. ಅವನ ತುಟಿಗೆ ಎಲ್ಲಿಯೂ ಕೆಲಸವಿರಲಿಲ್ಲ. ಹಾಂ, ಬರ್ಕೊಂಡೆ ಎಂದಳು ಹುಡುಗಿ.

ಪುಟ್ಟಗೌರಮ್ಮ ಕೈ ಬಿಡಲಿಲ್ಲ. ಕಿಟಕಿಯ ಕಡೆಯೇ ನೋಡುತ್ತಾ ಹೇಳಿದರು:

"ಮೂರ್ ವರ್ಷದಿಂದ್ಲೂ ನಾನು ಇಲ್ಲಿ ಒಬ್ಳೇ ಕೂತ್ಕತ್ತಿದ್ದೆ ಮೇಡಂ. ಇವತ್ತು ಜೊತೆ ಆಯ್ತು."

ಅತ್ತೆ ಟವೆಲಿನ ಅಂಚಿನಿಂದ ಸ್ವಲ್ಪ ಒಳಕ್ಕೆ ಸರಿದು ಕೂತರು.